ಹಲಸು ಮೇಳ: ಎರಡು ದಿನದ ಸಂತೆ, ವರ್ಷದ ಗಿರಾಕಿ

ಮೇ–ಜೂನ್ ಬಂತೆಂದರೆ ಕರಾವಳಿಯಿಂದ ಬೆಂಗಳೂರಿನವರೆಗೆ ಹಲಸು ಮೇಳಗಳ ಭರಾಟೆ. ಸಭಾಭವನದ ಅಂಗಳದಲ್ಲೊಂದು ಶಾಮಿಯಾನ, ಅದರಡಿ ಸಾಲು ಮೇಜು, ಎರಡು ದಿನದ ವಹಿವಾಟು. ಮನೆಯಲ್ಲೇ ಹಪ್ಪಳ ಒತ್ತುವವರಿಗೆ, ಕಸಿ ಗಿಡ ಮಾಡುವವರಿಗೆ ಜಾಹೀರಾತಿನ ಖರ್ಚಿಲ್ಲದೆ ಗಿರಾಕಿ ಸಿಗುವ ಜಾಗವಿದು.

ಹಲಸಿಗೆ ಬೆಲೆಯೇ ಇಲ್ಲದ ಕಾಲವೊಂದಿತ್ತು. ಮಳೆ ಹಿಡಿಯುವ ಹೊತ್ತಿಗೆ ಹಣ್ಣು ಮರದಡಿಯೇ ಕೊಳೆಯುತ್ತಿತ್ತು; ಪೇಟೆಗೆ ಒಯ್ದರೆ ಕೊಯ್ದ ಕೂಲಿಯೂ ಹುಟ್ಟುತ್ತಿರಲಿಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಡಲಾರಂಭಿಸಿದ ‘ಅಡಿಕೆ ಪತ್ರಿಕೆ’ಯಲ್ಲಿ ಕೃಷಿ ಪತ್ರಕರ್ತ ಶ್ರೀಪಡ್ರೆ ಹಲಸಿನ ಮೌಲ್ಯವರ್ಧನೆಯ ಬಗ್ಗೆ ಬೆನ್ನುಬಿಡದೆ ಬರೆದರು. ಓದಿದ್ದನ್ನು ನಾಲಿಗೆಗೆ ಮುಟ್ಟಿಸಿದ್ದು ಮೇಳಗಳು.

ಮೇಳದ ಜೀವ ಇರುವುದು ಹಣ್ಣು ಬಿಡಿಸುವ ಮೇಜಿನಲ್ಲಿ. ಅಂಗೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು, ಮೇಣ ಒರೆಸಿ, ಬಕ್ಕೆ ಹಲಸಿನ ತೊಳೆಯೊಂದನ್ನು ಕೈಗಿಡುತ್ತಾರೆ. ತಿಂದವರ ಮೊದಲ ಪ್ರಶ್ನೆ: “ಇದರ ಗಿಡ ಉಂಟಾ?” ಕಸಿ ಗಿಡದ ಮಳಿಗೆ ಪಕ್ಕದಲ್ಲೇ ಇದ್ದರೆ ವ್ಯಾಪಾರ ಅಲ್ಲೇ ಕುದುರುತ್ತದೆ, ಮೈದಾನದ ಆಚೆ ತುದಿಯಲ್ಲಿದ್ದರೆ ಆ ಆಸೆ ದಾರಿಯಲ್ಲೇ ತಣ್ಣಗಾಗುತ್ತದೆ. ಒಳ್ಳೆಯ ತಳಿಯ ಬೆಲೆ ಎಷ್ಟೆಂಬುದಕ್ಕೆ ತುಮಕೂರು ಜಿಲ್ಲೆಯ ಕೆಂಪು ತೊಳೆಯ ‘ಸಿದ್ದು’ ಸಾಕ್ಷಿ. ರೈತರೊಬ್ಬರ ತೋಟದ ಒಂದೇ ಮರ ಅದು. 2017ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಒಪ್ಪಂದ ಮಾಡಿಕೊಂಡು, ಸಸಿ ಮಾರಾಟದ ಬಹುಪಾಲು ಆದಾಯ ಮರದ ಒಡೆಯರಿಗೇ ಸಲ್ಲುವಂತೆ ಮಾಡಿತು.

ಇಷ್ಟಾದರೂ ಅನೇಕ ಮೇಳಗಳು ಎಡವುವುದು ಸಂಘಟನೆಯಲ್ಲಿ. ಮಳಿಗೆ ಬಾಡಿಗೆಯ ಆಸೆಗೆ ನೈಟಿ, ಪ್ಲಾಸ್ಟಿಕ್ ಸಾಮಾನು, ಮಸಾಜ್ ಯಂತ್ರದವರನ್ನೆಲ್ಲ ಸೇರಿಸಿಕೊಂಡರೆ ಹಲಸು ಮೂಲೆ ಸೇರುತ್ತದೆ. ಹಪ್ಪಳದ ನಾಲ್ಕು ಮಳಿಗೆ ಒಂದೇ ಸಾಲಿನಲ್ಲಿ ಬಂದರೆ ದರದ ಜಗಳ ಶುರು. ಉದ್ಘಾಟನೆಯ ಭಾಷಣ ಮಧ್ಯಾಹ್ನ ಮುಟ್ಟಿದರಂತೂ ಧ್ವನಿವರ್ಧಕದ ಅಬ್ಬರದಲ್ಲಿ “ಕಿಲೋಗೆ ಎಷ್ಟು?” ಎಂಬುದೂ ಕೇಳಿಸುವುದಿಲ್ಲ. ರೆಚ್ಚೆ, ಸಿಪ್ಪೆ ಸಾಗಿಸುವ ವ್ಯವಸ್ಥೆ ಮೊದಲೇ ಆಗದಿದ್ದರೆ ಎರಡನೇ ದಿನ ಮೂಗು ಮುಚ್ಚಿಕೊಂಡೇ ಓಡಾಡಬೇಕು.

ಸಣ್ಣ ಉದ್ಯಮಿಗೆ ಬಾಡಿಗೆಯಲ್ಲಿ ರಿಯಾಯಿತಿ ಕೊಡುವುದು ಒಳ್ಳೆಯದೇ. ಮೇಳಕ್ಕೆ ಮೊದಲು ಅರ್ಧ ದಿನ ತರಬೇತಿ ಕೊಡುವುದು ಇನ್ನೂ ಒಳ್ಳೆಯದು. ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಿಸಿದ ದಿನ, ಎಫ್‌ಎಸ್‌ಎಸ್‌ಎಐ ನೀಡುವ 14 ಅಂಕಿಯ ಸಂಖ್ಯೆ, ಫೋನ್ ನಂಬರ್ ಇಷ್ಟೂ ಇರಬೇಕು. ಎಷ್ಟೋ ಸಲ ರುಚಿಯಾದ ಚಿಪ್ಸ್ ಖಾಲಿಯಾದ ಮೇಲೆ ಕೈಯಲ್ಲಿ ಉಳಿಯುವುದು ಹೆಸರಿಲ್ಲದ ಪ್ಲಾಸ್ಟಿಕ್ ಚೀಲ. ಗಿರಾಕಿ ಮತ್ತೆ ಯಾರನ್ನು ಕೇಳಬೇಕು? ಮಳಿಗೆದಾರರ ಹೆಸರು, ಸರಕು, ನಂಬರ್ ಇರುವ ಒಂದು ಹಾಳೆಯನ್ನು ಬಾಗಿಲಲ್ಲೇ ಹಂಚಿದರೆ ಸನ್ಮಾನದ ಶಾಲು–ಹಾರಕ್ಕಿಂತ ಹೆಚ್ಚು ಉಪಕಾರ.

ಮೇಳ ಮುಗಿದ ಸಂಜೆಯೇ ‘ಅಭೂತಪೂರ್ವ ಯಶಸ್ಸು’ ಎಂದು ಪತ್ರಿಕೆಗೆ ವರದಿ ಕಳಿಸುವ ಆತುರ ಬೇಡ. ಬಂದ ಜನ, ಆದ ಗಲ್ಲಾ ಆ ದಿನದ ಲೆಕ್ಕವಷ್ಟೇ. ಆಷಾಢ ಕಳೆದ ಮೇಲೆ ಸಂಘಟಕರು ಪ್ರತಿ ಮಳಿಗೆಯವರಿಗೂ ಫೋನ್ ಮಾಡಿ, ಮೇಳದ ಗಿರಾಕಿಯಿಂದ ಎರಡನೇ ಆರ್ಡರ್ ಬಂತೇ ಎಂದು ಕೇಳಲಿ. ಬಂದಿದ್ದರೆ ಮಾತ್ರ ಮುಂದಿನ ವರ್ಷ ಶಾಮಿಯಾನಕ್ಕೆ ಮುಂಗಡ ಕೊಡಲು ಅರ್ಥವುಂಟು.