ಮಲಪ್ರಭೆಯ ತಟದ ಶಿಲಾಗ್ರಂಥಗಳು

ರಜೆಯ ದಿನಗಳು ಬಂದೊಡನೆ ನಮ್ಮ ಅನೇಕ ಕುಟುಂಬಗಳು ದೂರದ ಗಿರಿಧಾಮಗಳಿಗೂ ಕಡಲ ತೀರಗಳಿಗೂ ತೆರಳುವುದುಂಟು. ಲೋಕವನ್ನು ಕಾಣುವ ಹಂಬಲ ಒಳ್ಳೆಯದೇ. ಆದರೆ ನಮ್ಮ ಮನೆಯಂಗಳದ ನಿಧಿಯನ್ನು ನಮ್ಮ ಮಕ್ಕಳು ಎಷ್ಟರ ಮಟ್ಟಿಗೆ ಬಲ್ಲರೆಂಬ ಪ್ರಶ್ನೆಯನ್ನು ಹಿರಿಯರಾದವರು ಒಮ್ಮೆ ಕೇಳಿಕೊಳ್ಳಬೇಕು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಉಗಮಿಸಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯನ್ನು ಮಲಪಹಾರಿಯೆಂದೂ ಕರೆಯುವರು. ಬಾಗಲಕೋಟೆ ಜಿಲ್ಲೆಯಲ್ಲಿ ಈ ನದಿಯ ಆಸುಪಾಸಿನ ನೆಲವು ಕನ್ನಡಿಗರ ಒಂದು ಬೃಹತ್ ಶಿಲಾಗ್ರಂಥವೇ ಆಗಿದೆ.

ಬಾದಾಮಿಯಿಂದಲೇ ಪ್ರಾರಂಭಿಸೋಣ. ಕೆಂಪು ಮರಳುಗಲ್ಲಿನ ಎರಡು ಬೆಟ್ಟಗಳ ನಡುವೆ ಅಗಸ್ತ್ಯ ತೀರ್ಥ. ಅದರ ದಂಡೆಯಲ್ಲಿ ಭೂತನಾಥ ದೇವಾಲಯ. ಮಳೆಗಾಲದಲ್ಲಿ ಬಂಡೆಗಳ ಮೇಲಿಂದ ಧುಮುಕುವ ಅಕ್ಕ-ತಂಗಿಯರ ಜಲಧಾರೆ ಬೇಸಗೆಯಲ್ಲಿ ಕಾಣಸಿಗದು. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿಯು ಇಲ್ಲಿ ಕೋಟೆಯನ್ನು ಕಟ್ಟಿಸಿದನೆಂದು ಬಂಡೆಯ ಮೇಲಿನ ಶಾಸನವೇ ಸಾರುತ್ತದೆ. ನಾಲ್ಕು ಗುಹೆಗಳಲ್ಲಿ ಮೊದಲನೆಯದು ಶೈವ, ನಂತರದ ಎರಡು ವೈಷ್ಣವ, ನಾಲ್ಕನೆಯದು ಜೈನ. ಒಂದೇ ಬೆಟ್ಟದ ಒಡಲಲ್ಲಿ ಮೂರು ಮತಗಳಿಗೆ ಎಡೆಯಿತ್ತ ಆ ಕಾಲದ ಔದಾರ್ಯವನ್ನು ಮಕ್ಕಳಿಗೆ ತೋರಿಸಿ ಹೇಳಬೇಕು. ಕೆರೆಯ ಮೇಲಣ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ನಮ್ಮ ತಾಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ, ಸರ್ವಜ್ಞನು ತನ್ನ ನುಡಿಗೆ ಆರಿಸಿಕೊಂಡ ತ್ರಿಪದಿಯು ಸುಮಾರು 1300 ವರ್ಷಗಳ ಹಿಂದೆಯೇ ಅಲ್ಲಿ ಕಲ್ಲಿನಲ್ಲಿ ಮೂಡಿದೆ.

ಬಾದಾಮಿಯ ಸಮೀಪದ ಬನಶಂಕರಿಯಲ್ಲಿ ಬನದ ಹುಣ್ಣಿಮೆಗೆ ದೊಡ್ಡ ಜಾತ್ರೆ ಕೂಡುತ್ತದೆ. ಗುಡಿಯ ಬಳಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೊತ್ತು ತರುವ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಕುಡಿಕೆಯ ಮೊಸರು ಯಾವ ಖಾನಾವಳಿಯ ಊಟಕ್ಕೂ ಕಡಿಮೆಯಲ್ಲ. ಮಹಾಕೂಟದಲ್ಲಿ ಬುಗ್ಗೆಯ ನೀರಿನಿಂದ ತುಂಬುವ ಪುಷ್ಕರಿಣಿಯ ಸುತ್ತ ಗುಡಿಗಳ ಸಮೂಹವಿದೆ. ಮಲಪ್ರಭೆಯ ದಂಡೆಯಲ್ಲಿಯೇ ಹಾನಗಲ್ಲ ಕುಮಾರ ಸ್ವಾಮಿಗಳವರು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವಿದೆ.

ಪಟ್ಟದಕಲ್ಲು ಬಾದಾಮಿಯಿಂದ ಸುಮಾರು 22 ಕಿಲೋಮೀಟರ್. ಇಲ್ಲಿ ನದಿ ಉತ್ತರವಾಹಿನಿ. 1987ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಮಾನ್ಯವಾದ ಈ ಕ್ಷೇತ್ರದ ಮುಕುಟಮಣಿ ವಿರೂಪಾಕ್ಷ ದೇವಾಲಯ. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದಳು. ಗೆದ್ದ ಅರಸನು ಕಂಚಿಯನ್ನು ಹಾಳುಗೆಡವಲಿಲ್ಲ. ಅಲ್ಲಿಯ ದೇವಾಲಯದ ಸಂಪತ್ತನ್ನು ದೇವರಿಗೇ ಮರಳಿ ಒಪ್ಪಿಸಿದನು. ಇದನ್ನು ಹೇಳುವ ಕನ್ನಡ ಶಾಸನವು ಕಂಚಿಯ ಕೈಲಾಸನಾಥ ದೇವಾಲಯದಲ್ಲಿ ಇಂದಿಗೂ ಉಂಟು.

ಇಷ್ಟಲಿಂಗನಿಷ್ಠರಾದ ನಮಗೆ ಸ್ಥಾವರ ದೇಗುಲಗಳ ದರ್ಶನವೇಕೆಂದು ಕೆಲವು ತರುಣರು ನಮ್ಮನ್ನು ಕೇಳಿದ್ದುಂಟು. ಪ್ರಶ್ನೆ ಯೋಗ್ಯವಾದುದೇ. ಉತ್ತರವು ವಿರೂಪಾಕ್ಷ ದೇವಾಲಯದ ದ್ವಾರದಲ್ಲಿಯೇ ಇದೆ. ಇದನ್ನು ನಿರ್ಮಿಸಿದ ಸೂತ್ರಧಾರಿ ಗುಂಡನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದನ್ನಿತ್ತು ಗೌರವಿಸಿದ ಸಂಗತಿಯನ್ನು ಅಲ್ಲಿಯ ಶಾಸನ ಹೇಳುತ್ತದೆ. ಹಾಡುವವರ ಹಕ್ಕುಗಳನ್ನು ರಾಣಿಯು ಸ್ಥಿರಪಡಿಸಿದುದೂ ಅಲ್ಲಿ ದಾಖಲಾಗಿದೆ. ಶರಣರು ಕಾಯಕಕ್ಕೆ ಕೈಲಾಸದ ಪದವಿಯನ್ನಿತ್ತುದು ಹನ್ನೆರಡನೆಯ ಶತಮಾನದಲ್ಲಿ. ಅದಕ್ಕೂ ನಾಲ್ಕು ನೂರು ವರ್ಷ ಮೊದಲು ಈ ನೆಲದಲ್ಲಿ ಉಳಿಯ ಕೆಲಸಗಾರನ ಹೆಸರು ಅರಸನ ಹೆಸರಿನೊಡನೆ ಕಲ್ಲಿನಲ್ಲಿ ನಿಂತಿತು. ಪೂಜೆಗಾಗಿ ಬಾರದವರೂ ಈ ದುಡಿಮೆಯ ಗೌರವವನ್ನು ಕಾಣಲು ಬರಬೇಕೆಂಬುದು ನಮ್ಮ ಅಭಿಪ್ರಾಯ.

ಪಟ್ಟದಕಲ್ಲಿನಿಂದ ಐಹೊಳೆ ಸುಮಾರು 13 ಕಿಲೋಮೀಟರ್. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಸಂಘಕ್ಕೆ ಹೆಸರು ಕೊಟ್ಟ ಊರಿದು. ಇಲ್ಲಿಯ ದುರ್ಗ ಗುಡಿಗೆ ಆ ಹೆಸರು ಬಂದುದು ದೇವಿಯಿಂದಲ್ಲ, ಕೋಟೆಯಿಂದ. ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯನ್ನು ಕೊಂಡಾಡಿದ ಕ್ರಿ.ಶ. 634ರ ಶಾಸನವಿದೆ. ಮರಳುವಾಗ ಅಮೀನಗಡದ ಕರದಂಟನ್ನು ಮನೆಯವರಿಗೆ ಕೊಂಡೊಯ್ಯುವುದು ಈ ಭಾಗದ ವಾಡಿಕೆ.

ಯಾತ್ರೆಯ ಸಮಾಪ್ತಿ ಕೂಡಲಸಂಗಮದಲ್ಲಿ ಆಗಲಿ. ಬಸವಣ್ಣನವರು ವಿದ್ಯೆಯನ್ನಾರ್ಜಿಸಿದ ಮತ್ತು ಐಕ್ಯರಾದ ಈ ಕ್ಷೇತ್ರದವರೆಗೂ ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಹಬ್ಬಿದೆ. ನೀರಿನ ನಡುವೆ ಬಾವಿಯಂತೆ ಸುತ್ತುಗೋಡೆ ಕಟ್ಟಿ ಐಕ್ಯಮಂಟಪವನ್ನು ಉಳಿಸಿಕೊಳ್ಳಲಾಗಿದೆ. ಮೆಟ್ಟಿಲಿಳಿದು ಅದರ ದರ್ಶನ ಪಡೆಯಬೇಕು. ಒಂದು ಸಮಾಜ ಮನಸ್ಸು ಮಾಡಿದರೆ ತನ್ನ ಪವಿತ್ರ ಸ್ಮಾರಕವನ್ನು ಏರುವ ನೀರಿನಿಂದಲೂ ಕಾಪಾಡಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಉಳಿದ ಸ್ಮಾರಕಗಳ ಪಾಡೇನು? 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನುಗ್ಗಿದಳು. ಪ್ರಕೃತಿಯ ಕೋಪವನ್ನಾದರೂ ಸಹಿಸಬಹುದು. ಮನುಷ್ಯನ ಅವಿವೇಕವನ್ನು ಸಹಿಸುವುದು ಕಷ್ಟ. ಮೃದುವಾದ ಮರಳುಗಲ್ಲಿನ ಮೇಲೆ ಮೊಳೆಯಿಂದ ತಮ್ಮ ಹೆಸರು ಕೊರೆಯುವವರನ್ನು, ಶಿಲ್ಪಗಳನ್ನೇರಿ ಚಿತ್ರ ತೆಗೆಸಿಕೊಳ್ಳುವವರನ್ನು ನಾವು ಕಂಡು ನೊಂದಿದ್ದೇವೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೂ ಕಾಯ್ದೆ ವಿಧಿಸಿದೆ. ಆದರೆ ಕಾಯ್ದೆಗಿಂತ ಮನೆಯ ಸಂಸ್ಕಾರವೇ ಬಲವಾದ ಕಾವಲು. ಗುಂಡನು ತನ್ನ ಹೆಸರನ್ನು ದುಡಿದು ಗಳಿಸಿದನು. ಗೀಚಿ ಗಳಿಸಲಿಲ್ಲ ಎಂಬುದನ್ನು ತಂದೆತಾಯಿಗಳು ಆ ಗೋಡೆಯ ಮುಂದೆಯೇ ನಿಂತು ಮಕ್ಕಳಿಗೆ ತಿಳಿಸಬೇಕು.

ಕಾರ್ತಿಕದಿಂದ ಮಾಘದವರೆಗಿನ ಕಾಲ ಈ ಯಾತ್ರೆಗೆ ಹಿತಕರ. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸುವ ಆತುರ ಬೇಡ. ಮೂರು ದಿನಗಳನ್ನಾದರೂ ಮೀಸಲಿಡಿರಿ. ಬೆಳಗಿನಲ್ಲಿ ಗುಹೆಗಳು, ಇಳಿಹೊತ್ತಿನಲ್ಲಿ ನದೀತೀರ ಎಂಬ ಕ್ರಮವಿರಲಿ. ಮನೆಯ ಹಿರಿಯರನ್ನೂ ಜೊತೆಯಲ್ಲಿ ಕರೆದೊಯ್ಯಿರಿ. ಅವರು ಕೇಳಿದ ಕಥೆಗಳು ಕಿರಿಯರ ಕಿವಿಗೆ ಬೀಳಲಿ. ಮರಳಿದ ಮೇಲೆ ಪ್ರತಿಯೊಂದು ಮಗುವೂ ತಾನು ಕಂಡ ಒಂದು ಶಿಲ್ಪದ, ಓದಿದ ಒಂದು ಹೆಸರಿನ ಬಗ್ಗೆ ನಾಲ್ಕು ಸಾಲು ಬರೆಯುವಂತಾದರೆ ಯಾತ್ರೆ ಸಫಲವಾಯಿತೆಂದು ತಿಳಿಯಬಹುದು.