ಸಂಕೇಶ್ವರದಿಂದ ಬೆಂಗಳೂರಿನ ಕಲಾ ಸಂಗ್ರಹಾಲಯಕ್ಕೆ: ವಿಕಲಚೇತನರು ಹಾಗೂ ಹಿರಿಯ ನಾಗರಿಕರ ಭೇಟಿಗೆ ಪೂರ್ವಸಿದ್ಧತೆ

ಚಿತ್ರಕಲೆ, ಛಾಯಾಚಿತ್ರ, ಜವಳಿ ಹಾಗೂ ವಿನ್ಯಾಸಕ್ಕೆ ಸಂಬಂಧಿಸಿದ ದೊಡ್ಡ ಸಂಗ್ರಹಾಲಯವೊಂದನ್ನು ನೋಡಬೇಕೆಂಬ ಅಪೇಕ್ಷೆಯುಳ್ಳ ವಿಕಲಚೇತನರು, ಹಿರಿಯ ನಾಗರಿಕರು ಮತ್ತು ಅವರ ಕುಟುಂಬದವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ ಪಟ್ಟಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದ್ದು, ನೆರೆಯ ಗೋಕಾಕ ಹಾಗೂ ಮೂಡಲಗಿ ತಾಲ್ಲೂಕುಗಳ ನಿವಾಸಿಗಳಿಗೂ ಇದು ಬಹುಮಟ್ಟಿಗೆ ಅನ್ವಯಿಸುತ್ತದೆ.

ಕುಟುಂಬ ಸಮೇತ ಪ್ರವಾಸ ಹೊರಟಾಗ ಸಾಮಾನ್ಯವಾಗಿ ಕಂಡುಬರುವ ದೃಶ್ಯವೊಂದಿದೆ. ಮನೆಮಂದಿಯೆಲ್ಲ ಒಳಗೆ ಹೋಗಿರುತ್ತಾರೆ. ಮೊಣಕಾಲು ನೋವಿನ ಅಜ್ಜಿ ಅಥವಾ ಗಾಲಿಕುರ್ಚಿಯ ಮಗ ಗೇಟಿನ ಬಳಿ ಮರದ ನೆರಳಿನಲ್ಲಿ ಚೀಲಗಳನ್ನು ಕಾಯುತ್ತಾ ಕುಳಿತಿರುತ್ತಾರೆ. "ನಾ ಇಲ್ಲೇ ಕೂಡ್ತೇನಿ, ನೀವು ನೋಡಿ ಬರ್ರಿ" ಎಂಬ ಮಾತನ್ನು ಆಸಕ್ತಿಯ ಕೊರತೆಯೆಂದು ತಿಳಿಯಬಾರದು. ಇತರರಿಗೆ ಹೊರೆಯಾಗಬಾರದೆಂಬ ಸಂಕೋಚ ಅವರಿಂದ ಹಾಗೆ ಹೇಳಿಸುತ್ತದೆ. ಗೇಟಿನ ಮುಂದೆ ನಿಂತು ಈ ಸಂಕೋಚವನ್ನು ನಿವಾರಿಸುವುದು ಕಷ್ಟ. ಹೊರಡುವ ಹದಿನೈದು ದಿನ ಮೊದಲೇ ಮನೆಯಲ್ಲಿ ಕುಳಿತು ಮಾಡುವ ಸಿದ್ಧತೆಯಿಂದ ಮಾತ್ರ ಅದು ಸಾಧ್ಯ.

ಕಾನೂನಿನ ನೆಲೆ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪ್ರಕರಣ 29 ಸಂಸ್ಕೃತಿ ಮತ್ತು ಮನರಂಜನೆಗೆ ಸಂಬಂಧಿಸಿದುದಾಗಿದ್ದು, ಕಲೆಯನ್ನು ವಿಕಲಚೇತನರಿಗೆ ಎಟುಕುವಂತೆ ಮಾಡುವುದು ಸರ್ಕಾರದ ಕರ್ತವ್ಯವೆಂದು ಅದರಲ್ಲಿ ಸ್ಪಷ್ಟಪಡಿಸಲಾಗಿದೆ. ಸದರಿ ಅಧಿನಿಯಮದಲ್ಲಿ ಸಾರ್ವಜನಿಕ ಕಟ್ಟಡವೆಂದರೆ ಸರ್ಕಾರಿ ಕಟ್ಟಡ ಮಾತ್ರವಲ್ಲ, ಸಾಂಸ್ಕೃತಿಕ ಚಟುವಟಿಕೆಗಾಗಿ ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವೂ ಅದರಲ್ಲಿ ಸೇರುತ್ತದೆ. ಆದ್ದರಿಂದ ಇಳಿಜಾರು ದಾರಿ ಎಲ್ಲಿದೆ ಎಂದು ವಿಚಾರಿಸುವವರು ಉಪಕಾರ ಬೇಡುತ್ತಿದ್ದೇವೆ ಎಂಬ ಭಾವನೆ ಇಟ್ಟುಕೊಳ್ಳುವ ಅಗತ್ಯವಿಲ್ಲ. ಮಾನದಂಡಗಳ ಪಾಲನೆ ಐಚ್ಛಿಕವಾಗಿ ಉಳಿಯಬಾರದು, ಕಡ್ಡಾಯವಾದ ಕನಿಷ್ಠ ನಿಯಮಗಳನ್ನು ರೂಪಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವೂ ರಾಜೀವ್ ರಾತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪು ನೀಡಿದೆ.

ಯಾವ ಸಂಗ್ರಹಾಲಯ?

ರಾಜ್ಯದಲ್ಲಿ ಈ ಉದ್ದೇಶಕ್ಕೆ ಮೊದಲು ಹೆಸರಿಸಬೇಕಾದುದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ. ಮ್ಯಾಪ್ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾಗಿರುವ ಇದನ್ನು ಕಲಾ ಸಂಗ್ರಾಹಕ ಅಭಿಷೇಕ್ ಪೊದ್ದಾರ್ ಸ್ಥಾಪಿಸಿದ್ದು, 2020ರ ಡಿಸೆಂಬರ್‌ನಲ್ಲಿ ಅಂತರ್ಜಾಲದ ಮೂಲಕವೂ, 2023ರ ಫೆಬ್ರವರಿ 18ರಂದು ಐದು ಅಂತಸ್ತಿನ ಸ್ವಂತ ಕಟ್ಟಡದಲ್ಲಿಯೂ ಸಾರ್ವಜನಿಕರಿಗೆ ತೆರೆಯಲಾಯಿತು. ಹಳೆಯ ಚಿತ್ರ ಹಾಗೂ ಶಿಲ್ಪಗಳಲ್ಲದೆ ಜವಳಿ, ಕರಕುಶಲ ವಸ್ತು, ಸಿನಿಮಾ ಭಿತ್ತಿಪತ್ರ ಮತ್ತು ಜಾಹೀರಾತುಗಳೂ ಇದರ ಸಂಗ್ರಹದಲ್ಲಿವೆ. ಕಲೆಯೆಂದರೆ ತಮಗೆ ತಿಳಿಯದ ವಿಷಯವೆಂದು ಹಿಂಜರಿಯುವವರು, ತಮ್ಮ ಮನೆಯ ಇಳಕಲ್ ಸೀರೆಯೂ ಕಸೂತಿಯೂ ಇದೇ ವಿನ್ಯಾಸ ಕಲೆಯ ಭಾಗವೆಂಬುದನ್ನು ನೆನೆಯಬಹುದು. ಇಳಿಜಾರು ದಾರಿ, ಲಿಫ್ಟ್, ಗಾಲಿಕುರ್ಚಿಗೆ ಹೊಂದುವ ಶೌಚಾಲಯ ಇವೆಲ್ಲವನ್ನು ಕಟ್ಟುವಾಗಲೇ ಯೋಜಿಸಿರುವುದು ಈ ಕಟ್ಟಡದ ಅನುಕೂಲ. ಕೆಲವು ಪ್ರದರ್ಶನಗಳಲ್ಲಿ ಮುಟ್ಟಿ ತಿಳಿಯಬಹುದಾದ ಪ್ರತಿಕೃತಿಗಳನ್ನೂ ಬ್ರೈಲ್ ವಿವರಗಳನ್ನೂ ಅಳವಡಿಸಲಾಗಿದೆ.

ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಿಂದ ನಡೆಯುತ್ತಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವನ್ನು ಎರಡನೆಯ ದಿನಕ್ಕೆ ಇಟ್ಟುಕೊಳ್ಳಬಹುದು. ಎರಡಕ್ಕೂ ಸೋಮವಾರ ರಜೆ. ಒಂದೇ ದಿನ ಎರಡನ್ನೂ ಮುಗಿಸುವ ಆಸೆ ಬೇಡ.

ಪ್ರಯಾಣ

ಸಂಕೇಶ್ವರದಲ್ಲಿ ರೈಲು ನಿಲ್ದಾಣವಿಲ್ಲ. ರಾಷ್ಟ್ರೀಯ ಹೆದ್ದಾರಿ 48ರ ಮೂಲಕ ಬೆಳಗಾವಿ ಸುಮಾರು 50 ಕಿ.ಮೀ. ದೂರದಲ್ಲಿದ್ದು, ಘಟಪ್ರಭಾ ನಿಲ್ದಾಣವನ್ನೂ ಬಳಸಬಹುದು. ಸಾರಿಗೆ ಸಂಸ್ಥೆಯ ವಿಕಲಚೇತನರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಗೆ ಸೀಮಿತವಾದುದರಿಂದ ಬೆಳಗಾವಿಯವರೆಗೆ ಅದು ಸಾಕಾಗುತ್ತದೆ, ಬೆಂಗಳೂರಿಗೆ ಸಾಲದು. ರಾತ್ರಿಯ ಮಲಗುವ ಬಸ್ಸುಗಳಲ್ಲಿ ಬಾಗಿಲಿನ ಮೆಟ್ಟಿಲು ಎತ್ತರವಾಗಿಯೂ ನಡುದಾರಿ ಕಿರಿದಾಗಿಯೂ ಇರುವುದರಿಂದ, ಎತ್ತಿ ಕೂರಿಸಬೇಕಾದ ವ್ಯಕ್ತಿಗಳಿಗೆ ರೈಲು ಪ್ರಯಾಣವೇ ಮೇಲು.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾತ್ರಿ ಪ್ರಯಾಣಕ್ಕೆ ಅನುಕೂಲಕರವಾಗಿದೆ. ಬೆಳಗಾವಿ-ಬೆಂಗಳೂರು ವಂದೇ ಭಾರತ್ ರೈಲು 2025ರ ಆಗಸ್ಟ್ 10ರಂದು ಆರಂಭಗೊಂಡಿದ್ದು, ಬೆಳಗಿನ ಜಾವ ಹೊರಡುವುದರಿಂದ ಸಂಕೇಶ್ವರದವರು ಹಿಂದಿನ ರಾತ್ರಿ ಬೆಳಗಾವಿಯಲ್ಲಿಯೇ ತಂಗಬೇಕಾಗುತ್ತದೆ. ಸಾಮಾನ್ಯ ಎಕ್ಸ್‌ಪ್ರೆಸ್ ರೈಲುಗಳಲ್ಲಿ, ಸಹಾಯಕರಿಲ್ಲದೆ ಪ್ರಯಾಣಿಸಲಾಗದ ಚಲನ ವೈಕಲ್ಯವುಳ್ಳವರಿಗೂ ಸಂಪೂರ್ಣ ಅಂಧರಿಗೂ ಸ್ಲೀಪರ್ ಮತ್ತು ಮೂರನೇ ದರ್ಜೆಯ ಹವಾನಿಯಂತ್ರಿತ ಬೋಗಿಗಳಲ್ಲಿ ಶೇ. 75ರಷ್ಟು ರಿಯಾಯಿತಿಯಿದೆ. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿ ದೊರೆಯುತ್ತದೆ. ಇದಕ್ಕೆ ಸರ್ಕಾರಿ ವೈದ್ಯರು ನಿಗದಿತ ನಮೂನೆಯಲ್ಲಿ ನೀಡಿದ ರೈಲ್ವೆ ರಿಯಾಯಿತಿ ಪ್ರಮಾಣಪತ್ರ ಅಗತ್ಯ. ಅದರ ಆಧಾರದ ಮೇಲೆ ರೈಲ್ವೆ ಇಲಾಖೆ ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಕೊಡುತ್ತದೆ. ಇದಕ್ಕೆ ಸಮಯ ಹಿಡಿಯುವುದರಿಂದ ಪ್ರವಾಸದ ದಿನ ಗೊತ್ತುಮಾಡುವ ಮೊದಲೇ ಅರ್ಜಿ ಸಲ್ಲಿಸತಕ್ಕದ್ದು. ಹಿರಿಯ ನಾಗರಿಕರಿಗೆ ರೈಲಿನಲ್ಲಿ ಇದ್ದ ಪ್ರತ್ಯೇಕ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಹಿಂಪಡೆಯಲಾಗಿದೆ.

ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ನಮ್ಮ ಜಿಲ್ಲೆಯ ವೀರ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಪಕ್ಕದ ಮೆಟ್ರೋ ನಿಲ್ದಾಣದಿಂದ ನೇರಳೆ ಮಾರ್ಗದಲ್ಲಿ ನಾಲ್ಕನೆಯ ನಿಲ್ದಾಣವೇ ಕಬ್ಬನ್ ಪಾರ್ಕ್. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಹಾಗೂ ಅಂಧರಿಗಾಗಿ ಉಬ್ಬು ಪಟ್ಟಿಯ ದಾರಿ ಇವೆ. ಅಲ್ಲಿಂದ ಸಂಗ್ರಹಾಲಯದವರೆಗಿನ ಕೊನೆಯ ಹಾದಿಗೆ ಪಾದಚಾರಿ ಮಾರ್ಗವನ್ನು ನಂಬುವುದಕ್ಕಿಂತ ಆಟೋ ಅಥವಾ ಕಾರು ಮಾಡಿಕೊಳ್ಳುವುದು ಸೂಕ್ತ. ಆರುನೂರು ಕಿ.ಮೀ. ಸುಸೂತ್ರವಾಗಿ ಬಂದವರು ಕೊನೆಯ ಅರ್ಧ ಗಂಟೆಯಲ್ಲಿ ಸೋತು ಹಿಂತಿರುಗಬಾರದು.

ದೂರವಾಣಿಯಲ್ಲಿ ಕೇಳಬೇಕಾದುದು

ಸಂಗ್ರಹಾಲಯಕ್ಕೆ ಮುಂಚಿತವಾಗಿ ಕರೆ ಮಾಡುವುದು ಅತ್ಯಂತ ಮುಖ್ಯವಾದ ಕೆಲಸ. "ವಿಕಲಚೇತನರಿಗೆ ಸೌಲಭ್ಯವಿದೆಯೇ?" ಎಂದು ಕೇಳಿದರೆ ಎಲ್ಲಿಂದಲೂ "ಇದೆ" ಎಂಬ ಉತ್ತರವೇ ಬರುತ್ತದೆ. ಆ ಉತ್ತರದಿಂದ ಪ್ರಯೋಜನವಿಲ್ಲ. ಪ್ರಶ್ನೆಯು ಅಳತೆಯ ರೂಪದಲ್ಲಿರಬೇಕು. ವಾಹನ ನಿಲ್ಲುವ ಸ್ಥಳದಿಂದ ಬಾಗಿಲಿನವರೆಗೆ ಎಷ್ಟು ಮೆಟ್ಟಿಲುಗಳಿವೆ, ಲಿಫ್ಟ್ ಇಂದು ಕೆಲಸ ಮಾಡುತ್ತಿದೆಯೇ, ಅದು ಪ್ರದರ್ಶನವಿರುವ ಎಲ್ಲ ಅಂತಸ್ತುಗಳಿಗೂ ಹೋಗುತ್ತದೆಯೇ, ಗಾಲಿಕುರ್ಚಿ ಒಳಹೋಗುವ ಶೌಚಾಲಯ ಯಾವ ಅಂತಸ್ತಿನಲ್ಲಿದೆ, ಅದಕ್ಕೆ ಬೀಗ ಹಾಕಿ ಕೀಲಿಯನ್ನು ಬೇರೆಯವರ ಬಳಿ ಇಡಲಾಗಿದೆಯೇ ಎಂದು ಒಂದೊಂದಾಗಿ ಕೇಳಬೇಕು. ಕೊನೆಯ ಪ್ರಶ್ನೆ ವಿಚಿತ್ರವೆನಿಸಬಹುದು. ಪ್ರವಾಸ ಮಾಡಿದ ಗಾಲಿಕುರ್ಚಿ ಬಳಕೆದಾರರನ್ನು ಕೇಳಿದರೆ ಅದರ ಅರ್ಥ ತಿಳಿಯುತ್ತದೆ.

ಬಾಗಿಲಿನ ಅಗಲವನ್ನು ಕೇಳುವ ಮುನ್ನ ಮನೆಯ ಗಾಲಿಕುರ್ಚಿಯನ್ನು ಟೇಪಿನಿಂದ ಅಳೆದು, ಎರಡೂ ಬದಿ ಕೈಗಳಿಗೆ ಬೇಕಾದ ಜಾಗವನ್ನು ಕೂಡಿಸಿ ಬರೆದಿಟ್ಟುಕೊಳ್ಳಬೇಕು. ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಬಾಗಿಲು 900 ಮಿ.ಮೀ. ತೆರವಿರಬೇಕು. ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ದಾರಿ ಬೇಕು. ಆರು ಇಂಚಿನ ಮೂರು ಮೆಟ್ಟಿಲುಗಳಿದ್ದಲ್ಲಿ ಹದಿನೆಂಟು ಅಡಿ. ಮೂರು ಮೆಟ್ಟಿಲಿನ ಮೇಲೆ ಐದಡಿ ಹಲಗೆ ಹಾಸಿ ಅದನ್ನು ಸೌಲಭ್ಯವೆಂದು ಕರೆದರೆ, ಹಿಂದೆ ಹಿಡಿದವರ ಕೈ ಜಾರಿದರೆ ಏನಾಗುತ್ತದೆಂದು ಯೋಚಿಸಬೇಕು.

ಒಳಗೆ ಹೋದ ನಂತರ

ಆಯಾಸವನ್ನು ಆಯವ್ಯಯದಂತೆ ಲೆಕ್ಕ ಹಾಕುವುದು ಉತ್ತಮ. ಬೆಳಿಗ್ಗೆ ಇರುವ ಶಕ್ತಿಯೇ ಆ ದಿನದ ಆರಂಭಿಕ ಶಿಲ್ಕು. ರೈಲು, ಸ್ನಾನ, ಆಟೋ ಇವುಗಳಿಗೆ ಅದರಲ್ಲಿ ಅರ್ಧ ಖರ್ಚಾಗಿರುತ್ತದೆ. ಉಳಿದುದರಲ್ಲಿ ಎಲ್ಲ ಅಂತಸ್ತುಗಳನ್ನು ನೋಡುತ್ತೇವೆಂದರೆ ಮರಳಿ ಬರುವ ಪ್ರಯಾಣಕ್ಕೆ ಏನೂ ಉಳಿಯುವುದಿಲ್ಲ. ಅಂತರ್ಜಾಲದಲ್ಲಿ ಪ್ರದರ್ಶನದ ವಿವರವನ್ನು ಮೊದಲೇ ನೋಡಿ, ಒಂದು ಅಥವಾ ಎರಡು ವಿಭಾಗಗಳನ್ನು ಆರಿಸಿಕೊಂಡು, ಲಿಫ್ಟಿನಲ್ಲಿ ನೇರವಾಗಿ ಅಲ್ಲಿಗೇ ಹೋಗುವುದು ಲೇಸು. ಕುಳಿತುಕೊಂಡು ಒಂದೇ ಚಿತ್ರವನ್ನು ಇಪ್ಪತ್ತು ನಿಮಿಷ ನೋಡಿದವರು, ನೂರು ಚಿತ್ರಗಳ ಮುಂದೆ ನಡೆದುಹೋದವರಿಗಿಂತ ಕಡಿಮೆ ಕಂಡಿದ್ದಾರೆಂದು ಹೇಳಲಾಗದು. ಜನಸಂದಣಿ ಮತ್ತು ಸದ್ದಿನಿಂದ ತೊಂದರೆಯಾಗುವ ಆಟಿಸಂ ಇರುವ ಮಕ್ಕಳನ್ನು ವಾರದ ನಡುವೆ, ಬಾಗಿಲು ತೆರೆದ ಕೂಡಲೇ ಕರೆತರುವುದು ಒಳಿತು.

ದೃಷ್ಟಿದೋಷವುಳ್ಳವರಿಗೆ ಸಂಗ್ರಹಾಲಯದಿಂದ ಏನು ಪ್ರಯೋಜನವೆಂಬ ಪ್ರಶ್ನೆ ಆಗಾಗ್ಗೆ ಬರುತ್ತದೆ. ಗೋಕಾಕದ ಹಣ್ಣು-ತರಕಾರಿ ಆಟಿಕೆಗಳನ್ನು ಕೈಯಲ್ಲಿ ಹಿಡಿದು ಮಾವು ಯಾವುದು, ಬದನೆ ಯಾವುದು ಎಂದು ಹೇಳುವ ಅಂಧ ಮಗುವನ್ನು ಕಂಡವರು ಈ ಪ್ರಶ್ನೆಯನ್ನು ಕೇಳಲಾರರು. ಇದೇ ತತ್ತ್ವದ ಮೇಲೆ ದೆಹಲಿಯ ರಾಷ್ಟ್ರೀಯ ವಸ್ತು ಸಂಗ್ರಹಾಲಯವು 2015ರಲ್ಲಿ "ಅನುಭವ್" ಎಂಬ ಸ್ಪರ್ಶ ವಿಭಾಗವನ್ನು ತೆರೆಯಿತು. 1852ರಲ್ಲಿ ಸ್ಥಾಪನೆಯಾದ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿಯೂ ಮುಟ್ಟಬಹುದಾದ ವಸ್ತುಗಳಿವೆ. ಮುಟ್ಟಬಹುದಾದ ಪ್ರತಿಕೃತಿಗಳು ಪ್ರದರ್ಶನದಿಂದ ಪ್ರದರ್ಶನಕ್ಕೆ ಬದಲಾಗುವುದರಿಂದ ಮ್ಯಾಪ್‌ಗೆ ಕರೆ ಮಾಡಿದಾಗ ಇದನ್ನೂ ವಿಚಾರಿಸಬೇಕು. ಶ್ರವಣದೋಷವುಳ್ಳವರು ಸಂಜ್ಞಾ ಭಾಷೆಯ ನೆರವು ಬೇಕಿದ್ದಲ್ಲಿ ದಿನಾಂಕವನ್ನು ತಿಳಿಸಿ ಮುಂಚಿತವಾಗಿ ಕೋರತಕ್ಕದ್ದು.

ಎಲ್ಲ ಕಟ್ಟಡಗಳೂ ಹೀಗಿರುವುದಿಲ್ಲ

ಮರಳುವಾಗ ವಿಜಯಪುರವನ್ನೂ ನೋಡಿಬರುವ ಯೋಚನೆಯಿದ್ದಲ್ಲಿ, ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಗೆ ಮೂಲೆಯ ಗೋಪುರಗಳ ಏಳು ಅಂತಸ್ತಿನ ಕಿರಿದಾದ ಮೆಟ್ಟಿಲುಗಳ ಮೂಲಕವೇ ಏರಬೇಕೆಂಬುದನ್ನು ಗಮನದಲ್ಲಿಡಬೇಕು. ಇದನ್ನು ಸಂಬಂಧಪಟ್ಟ ವ್ಯಕ್ತಿಗೆ ಮೊದಲೇ ತಿಳಿಸಿ, ಉಳಿದವರು ಸರದಿಯ ಮೇಲೆ ಹತ್ತಿ, ಒಬ್ಬರು ಕೆಳಗೆ ಜೊತೆಗಿರುವಂತೆ ಏರ್ಪಡಿಸಿಕೊಳ್ಳಬೇಕು. ಅಲ್ಲಿಗೆ ಹೋದ ಮೇಲೆ ತಿಳಿದುಬಂದರೆ ಆಗುವ ನೋವು ಬೇರೆಯೇ.

ನೆರವು ಮತ್ತು ದೂರು

ಯು.ಡಿ.ಐ.ಡಿ. ಕಾರ್ಡ್ ಪಡೆಯಲು ಹಾಗೂ ಅರ್ಜಿಗಳನ್ನು ಭರ್ತಿ ಮಾಡಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಸಂಕೇಶ್ವರದಂತಹ ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸಬಹುದು.

ಸಂಗ್ರಹಾಲಯದಲ್ಲಾಗಲಿ ಪ್ರಯಾಣದಲ್ಲಾಗಲಿ ಪ್ರವೇಶಕ್ಕೆ ಅಡ್ಡಿಯಾದಲ್ಲಿ ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರಿಗೆ ಲಿಖಿತ ದೂರು ಸಲ್ಲಿಸಲು ಅವಕಾಶವಿದೆ. ಅಧಿನಿಯಮದ ಪ್ರಕರಣ 89ರಂತೆ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಪುನರಾವರ್ತನೆಯಾದಲ್ಲಿ 50,000 ರೂಪಾಯಿಯಿಂದ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾಗಿದೆ. ದೂರಿನಲ್ಲಿ ದಿನಾಂಕ, ವೇಳೆ, ಸ್ಥಳ ಮತ್ತು ಅಡ್ಡಿಯ ಸ್ವರೂಪವನ್ನು ನಮೂದಿಸಿ, ಮೆಟ್ಟಿಲು ಅಥವಾ ಬೀಗ ಹಾಕಿದ ಬಾಗಿಲಿನ ಛಾಯಾಚಿತ್ರವನ್ನು ಲಗತ್ತಿಸಿ, ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳತಕ್ಕದ್ದು.