ಘಟ್ಟದ ದಾರಿಯ ದ್ವಿಚಕ್ರ ವಾಹನ ಸವಾರರು ಚಳಿ ಹಾಗೂ ಮಳೆಯಿಂದ ಕೈಗಳನ್ನು ರಕ್ಷಿಸಿಕೊಳ್ಳುವ ಬಗ್ಗೆ ಮಾಹಿತಿ

ಪೀಠಿಕೆ

ಹೊನ್ನಾವರ, ಕುಮಟಾ ಮತ್ತು ಭಟ್ಕಳ ತಾಲ್ಲೂಕುಗಳ ನಿವಾಸಿಗಳಿಗೆ ಚಳಿಯ ಕುರಿತು ಎಚ್ಚರಿಕೆ ನೀಡುವುದು ಮೇಲ್ನೋಟಕ್ಕೆ ಅನಗತ್ಯವೆನಿಸಬಹುದು. ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿಯೂ ಈ ಕರಾವಳಿಯಲ್ಲಿ ಮಧ್ಯಾಹ್ನದ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಆದರೆ ನಸುಕಿನಲ್ಲಿ ಹೊರಟು ಘಟ್ಟ ಹತ್ತಿ ಇಳಿಯುವ ದ್ವಿಚಕ್ರ ವಾಹನ ಸವಾರರ ಸ್ಥಿತಿ ಬೇರೆ.

ಹೊನ್ನಾವರದಿಂದ ಗೇರುಸೊಪ್ಪೆ, ಮಾವಿನಗುಂಡಿ ಮಾರ್ಗವಾಗಿ ಸಾಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 69 (ಹಿಂದಿನ ಸಂಖ್ಯೆ 206), ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟ, ಸಿದ್ದಾಪುರಕ್ಕೆ ಹೋಗುವ ದೊಡ್ಮನೆ ಘಟ್ಟ ಹಾಗೂ ಭಟ್ಕಳದಿಂದ ಸಾಗರದ ಕಡೆಗೆ ಹೋಗುವ ಕೋಗಾರ ಘಟ್ಟದ ರಸ್ತೆಗಳಲ್ಲಿ ಮೀನು ವ್ಯಾಪಾರಿಗಳು, ಕೂಲಿ ಕಾರ್ಮಿಕರು, ನೌಕರರು ಮತ್ತು ವಿದ್ಯಾರ್ಥಿಗಳು ಬೈಕ್ ಹಾಗೂ ಸ್ಕೂಟರ್‌ಗಳಲ್ಲಿ ಸಂಚರಿಸುತ್ತಾರೆ. ಇವರಿಗೆ ಕೈ ಬೆಚ್ಚಗಿಟ್ಟುಕೊಳ್ಳುವುದು ಸುಖದ ವಿಷಯವೆನ್ನುವುದಕ್ಕಿಂತ ಬ್ರೇಕಿನ ವಿಷಯವೆನ್ನುವುದು ಸೂಕ್ತ. ಈ ಹಿನ್ನೆಲೆಯಲ್ಲಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಕೈಗಳೇ ಮೊದಲು ತಣ್ಣಗಾಗಲು ಕಾರಣಗಳು

ಎತ್ತರ ಹೆಚ್ಚಿದಂತೆ ಗಾಳಿ ತಂಪಾಗುತ್ತದೆ. ಸಾಮಾನ್ಯವಾಗಿ ಪ್ರತಿ 1000 ಮೀಟರ್ ಎತ್ತರಕ್ಕೆ ಸುಮಾರು 6.5 ಡಿಗ್ರಿಯಷ್ಟು ಉಷ್ಣಾಂಶ ಇಳಿಯುತ್ತದೆ. ತಾಳಗುಪ್ಪ, ಸಾಗರ ಪ್ರದೇಶವು ಸಮುದ್ರ ಮಟ್ಟದಿಂದ 500 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಆದುದರಿಂದ ಎತ್ತರದ ಕಾರಣವೊಂದರಿಂದಲೇ ಮೂರು ಡಿಗ್ರಿಗೂ ಹೆಚ್ಚು ವ್ಯತ್ಯಾಸ ಉಂಟಾಗಬಲ್ಲದು. ಇದಲ್ಲದೆ ಕರಾವಳಿಯನ್ನು ರಾತ್ರಿಯಲ್ಲಿ ಬೆಚ್ಚಗಿಡುವ ಸಮುದ್ರದ ಪ್ರಭಾವ ಘಟ್ಟದ ಮೇಲೆ ಅಷ್ಟಾಗಿ ಇರುವುದಿಲ್ಲ. ಹೀಗಾಗಿ ಚಳಿಗಾಲದ ಮುಂಜಾನೆಯಲ್ಲಿ ಅಂತರ ಇನ್ನೂ ಹೆಚ್ಚುತ್ತದೆ.

ಎರಡನೆಯದು ವೇಗದ ಗಾಳಿ. ನಿಂತಲ್ಲಿ ಸಹಿಸಬಹುದಾದ ಚಳಿ ವಾಹನ ಓಡುವಾಗ ತೀವ್ರವಾಗುತ್ತದೆ. ಅಮೆರಿಕ ಮತ್ತು ಕೆನಡಾ ದೇಶಗಳು 2001ರಲ್ಲಿ ಅಳವಡಿಸಿಕೊಂಡ ಸೂತ್ರದ ಪ್ರಕಾರ, 10 ಡಿಗ್ರಿ ಉಷ್ಣಾಂಶದಲ್ಲಿ ಗಂಟೆಗೆ 50 ಕಿ.ಮೀ. ವೇಗದ ಗಾಳಿ ತಗುಲಿದರೆ ತೆರೆದ ಚರ್ಮಕ್ಕೆ ಅದು ಸುಮಾರು 5 ಡಿಗ್ರಿಯ ಚಳಿಯಂತೆ ತೋರುತ್ತದೆ. ಹ್ಯಾಂಡಲ್ ಹಿಡಿದ ಕೈ ಈ ಗಾಳಿಗೆ ಎಲ್ಲಕ್ಕಿಂತ ಮುಂದೆ ಒಡ್ಡಿಕೊಂಡಿರುತ್ತದೆ.

ಮೂರನೆಯದು ನೀರು. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಒದ್ದೆ ಕೈಗವಸು ಗಾಳಿಗೆ ಒಣಗುವಾಗಲೂ ಕೈಯ ಶಾಖವನ್ನೇ ಹೀರುತ್ತದೆ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಹೊನ್ನಾವರದ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಮರಗಟ್ಟಲು ಇದೇ ಮುಖ್ಯ ಕಾರಣ. ಚಳಿಗಾಲದಲ್ಲಿ ಎಚ್ಚರ ವಹಿಸುವವರು ಸಹ ಮಳೆಗಾಲದಲ್ಲಿ ಇದನ್ನು ಕಡೆಗಣಿಸುವುದುಂಟು.

ಬ್ರೇಕಿಗೂ ಬೆರಳಿಗೂ ಇರುವ ಸಂಬಂಧ

ದೇಹವು ತಣ್ಣಗಾಗತೊಡಗಿದಾಗ ಹೃದಯ ಮುಂತಾದ ಮುಖ್ಯ ಅಂಗಗಳ ಶಾಖವನ್ನು ಉಳಿಸುವ ಸಲುವಾಗಿ ಬೆರಳುಗಳ ರಕ್ತನಾಳಗಳು ಸಂಕುಚಿತಗೊಳ್ಳುತ್ತವೆ. ಆಗ ಬೆರಳು ಜೋಮು ಹಿಡಿಯುತ್ತದೆ, ಹಿಡಿತ ಸಡಿಲವಾಗುತ್ತದೆ, ಸ್ಪರ್ಶಜ್ಞಾನ ಕುಗ್ಗುತ್ತದೆ. ಬ್ರೇಕನ್ನು ಎಷ್ಟು ಒತ್ತಿದ್ದೇವೆ ಎಂಬ ಅಂದಾಜು ಸಿಗದೆ, ಸವಾರನು ತಡವಾಗಿ ಒತ್ತುವ ಅಥವಾ ಒಮ್ಮೆಲೇ ಬಿಗಿಯಾಗಿ ಹಿಡಿಯುವ ಸಂಭವವಿದೆ. ಒದ್ದೆ ರಸ್ತೆಯಲ್ಲಿ ಇವೆರಡೂ ಅಪಾಯಕರ.

ಗಂಟೆಗೆ 40 ಕಿ.ಮೀ. ವೇಗದಲ್ಲಿ ವಾಹನವು ಸೆಕೆಂಡಿಗೆ ಸುಮಾರು 11 ಮೀಟರ್ ಕ್ರಮಿಸುತ್ತದೆ. ಬೆರಳು ಅರ್ಧ ಸೆಕೆಂಡ್ ತಡ ಮಾಡಿದರೆ ವಾಹನ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಘಟ್ಟದ ತಿರುವಿನಲ್ಲಿ ಎದುರಿನಿಂದ ಬಸ್ ಅಥವಾ ಲಾರಿ ಬಂದಾಗ ಇದು ಸಣ್ಣ ಅಂತರವಲ್ಲ. ಬೈಕಿನಲ್ಲಿ ಹಿಂದಿನ ಚಕ್ರದ ಬ್ರೇಕ್ ಕಾಲಿನಲ್ಲಿರುತ್ತದೆ. ಗೇರಿಲ್ಲದ ಸ್ಕೂಟರ್‌ಗಳಲ್ಲಿ ಎರಡೂ ಬ್ರೇಕ್‌ಗಳು ಕೈಯಲ್ಲಿಯೇ ಇರುವುದರಿಂದ ಸ್ಕೂಟರ್ ಸವಾರರು ಹೆಚ್ಚಿನ ಎಚ್ಚರ ವಹಿಸತಕ್ಕದ್ದು.

ಮೀನು ವ್ಯಾಪಾರಿಗಳ ಗಮನಕ್ಕೆ

ಕಾಸರಕೋಡು, ತದಡಿ ಹಾಗೂ ಭಟ್ಕಳದ ಬಂದರುಗಳಿಂದ ಮೀನು ಒಯ್ಯುವವರ ಕೈಗಳು ಹೊರಡುವ ಮೊದಲೇ ಐಸ್ ಮತ್ತು ನೀರಿನಲ್ಲಿ ತಣ್ಣಗಾಗಿರುತ್ತವೆ. ಐಸ್ ಮುಟ್ಟಿದ ಕೈಯಲ್ಲೇ ಹ್ಯಾಂಡಲ್ ಹಿಡಿದು ಹೊರಟರೆ ದಾರಿಯುದ್ದಕ್ಕೂ ಆ ಕೈ ಬಿಸಿಯೇರುವುದು ಕಷ್ಟ. ಘಟ್ಟ ಹತ್ತುವಾಗ ಬ್ರೇಕಿನ ಅಗತ್ಯ ಕಡಿಮೆಯಿರುವುದರಿಂದ ಇದು ಗಮನಕ್ಕೆ ಬಾರದೆ ಹೋಗಬಹುದು. ಮಳೆಗಾಲದಲ್ಲಿ ವ್ಯಾಪಾರ ಮುಗಿಸಿ, ದಣಿದು, ನೆನೆದ ಕೈಗವಸಿನಲ್ಲೇ ಮರಳಿ ಘಟ್ಟ ಇಳಿಯುವಾಗ ಇದರ ಪರಿಣಾಮ ಎದುರಾಗುತ್ತದೆ. ಆದ್ದರಿಂದ:

1) ಮೀನು ತುಂಬುವ ಕೈಗವಸು ಬೇರೆ, ಸವಾರಿಯ ಕೈಗವಸು ಬೇರೆ ಇರಲಿ.
2) ತುಂಬಿದ ನಂತರ ಕೈ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಉಜ್ಜಿ ಬಿಸಿ ಮಾಡಿಕೊಂಡು ಹೊರಡುವುದು.
3) ಮರಳುವ ಪ್ರಯಾಣಕ್ಕಾಗಿ ಇನ್ನೊಂದು ಜೊತೆ ಒಣ ಕೈಗವಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟುಕೊಳ್ಳುವುದು.

ಒಂದು ಜೊತೆ ಕೈಗವಸಿನ ವೆಚ್ಚವನ್ನು ತಕ್ಕಡಿ, ಪೆಟ್ಟಿಗೆಗಳಂತೆ ವ್ಯಾಪಾರದ ಬಂಡವಾಳದ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಯುಕ್ತ.

ಕೈಗವಸಿನ ಆಯ್ಕೆ ಮತ್ತು ಬಳಕೆ

1) ಕೈಗವಸು ಬಿಗಿಯಾಗಿರಬಾರದು. ಬಿಗಿಯಾದಲ್ಲಿ ರಕ್ತಸಂಚಾರ ಕುಗ್ಗಿ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಅತಿ ದಪ್ಪವಾಗಿದ್ದಲ್ಲಿ ಬ್ರೇಕ್ ಹಾಗೂ ಕ್ಲಚ್ಚಿನ ಹಿಡಿತ ತಿಳಿಯುವುದಿಲ್ಲ.
2) ಉಣ್ಣೆಯ ಕೈಗವಸೊಂದೇ ಸಾಲದು, ಅದರ ಹೆಣಿಗೆಯೊಳಗೆ ಗಾಳಿ ನುಗ್ಗುತ್ತದೆ. ಒಳಗೆ ತೆಳುವಾದ ಉಣ್ಣೆ, ಹೊರಗೆ ಗಾಳಿ ಮತ್ತು ನೀರು ತಡೆಯುವ ಕೈಗವಸು ಧರಿಸುವುದು ಉತ್ತಮ.
3) ನೀರು ತಡೆಯುವ ಕೈಗವಸು ಇಲ್ಲದಿದ್ದಲ್ಲಿ ಒಳ ಮತ್ತು ಹೊರ ಕೈಗವಸುಗಳ ನಡುವೆ ತೆಳು ಪ್ಲಾಸ್ಟಿಕ್ ಚೀಲ ಬಳಸಬಹುದು. ಚೀಲವನ್ನು ಹೊರಗೆ ಹಾಕಿಕೊಂಡಲ್ಲಿ ಬ್ರೇಕ್ ಜಾರುವ ಅಪಾಯವಿದೆ.
4) ಮಳೆಯಲ್ಲಿ ರೇನ್‌ಕೋಟಿನ ತೋಳು ಕೈಗವಸಿನ ಮೇಲೆ ಬರುವಂತಿರಲಿ. ಇಲ್ಲವಾದಲ್ಲಿ ತೋಳಿನಿಂದ ಇಳಿಯುವ ನೀರು ಕೈಗವಸಿನೊಳಗೇ ಸೇರುತ್ತದೆ.
5) ಎದೆ ಮತ್ತು ಕುತ್ತಿಗೆಯನ್ನು ಬೆಚ್ಚಗಿಡಿ. ಮೈ ಬೆಚ್ಚಗಿದ್ದರೆ ಮಾತ್ರ ಬೆರಳುಗಳಿಗೆ ಬಿಸಿ ರಕ್ತ ಹರಿಯುತ್ತದೆ. ಗಾಳಿ ತಡೆಯುವ ಜಾಕೆಟ್ ಇಲ್ಲದವರು ಅಂಗಿ ಮತ್ತು ಸ್ವೆಟರ್ ನಡುವೆ ಎದೆಗೆ ಪತ್ರಿಕೆಯ ಹಾಳೆ ಇಟ್ಟುಕೊಳ್ಳಬಹುದು.
6) ಹ್ಯಾಂಡಲ್‌ಗೆ ಗಾಳಿ ತಡೆಯುವ ಗಾರ್ಡ್ ಅಳವಡಿಸಿದಲ್ಲಿ ಅದು ಬ್ರೇಕ್, ಕ್ಲಚ್ ಹಾಗೂ ಆಕ್ಸಿಲರೇಟರ್‌ಗೆ ತಾಗದಂತೆ ಪರೀಕ್ಷಿಸುವುದು.

ದಾರಿಯಲ್ಲಿ ಪಾಲಿಸಬೇಕಾದ ಕ್ರಮಗಳು

ಇಳಿಜಾರು ಆರಂಭವಾಗುವ ಮೊದಲು ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿ, ಪ್ರತಿ ಬೆರಳನ್ನೂ ಹೆಬ್ಬೆರಳಿಗೆ ತಾಗಿಸಿ ನೋಡಿ. ಸಲೀಸಾಗಿ ತಾಗದಿದ್ದಲ್ಲಿ ಘಟ್ಟ ಇಳಿಯಬಾರದು. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಅಥವಾ ಬಿಸಿ ಚಹಾದ ಲೋಟ ಹಿಡಿದು ಬೆಚ್ಚಗಾಗಿಸಿ, ನಂತರ ಕಡಿಮೆ ಗೇರಿನಲ್ಲಿ ನಿಧಾನವಾಗಿ ಇಳಿಯುವುದು.

ಎಂಜಿನ್ ಅಥವಾ ಸೈಲೆನ್ಸರ್ ಮೇಲೆ ಕೈ ಕಾಯಿಸಬಾರದು. ಜೋಮು ಹಿಡಿದ ಕೈಗೆ ಸುಟ್ಟದ್ದು ತಿಳಿಯುವುದು ತಡವಾಗುತ್ತದೆ. ಚಲಿಸುವಾಗ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಳ್ಳಕೂಡದು.

ಚಳಿಗೆ ಮದ್ಯ ಮದ್ದೆಂಬುದು ತಪ್ಪು ಕಲ್ಪನೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಕ್ಷಣಕಾಲ ಬಿಸಿಯೆನಿಸಿದರೂ ದೇಹದ ಶಾಖವನ್ನು ಹೊರಹಾಕುತ್ತದೆ. ಮದ್ಯ ಸೇವಿಸಿ ವಾಹನ ಚಲಾಯಿಸುವುದು ಮೋಟಾರು ವಾಹನಗಳ ಕಾಯ್ದೆ 1988ರ ಕಲಂ 185ರ ಅನ್ವಯ ಶಿಕ್ಷಾರ್ಹ ಅಪರಾಧ. ಬೀಡಿ, ಸಿಗರೇಟು ಸಹ ಬೆರಳಿನ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತವೆ.

ವೈದ್ಯರನ್ನು ಕಾಣಬೇಕಾದ ಸಂದರ್ಭ

ಚಳಿಗೆ ಬೆರಳುಗಳು ಪದೇ ಪದೇ ಬಿಳಿಚಿಕೊಂಡು ಅಥವಾ ನೀಲಿಗಟ್ಟಿ ನೋಯುತ್ತಿದ್ದಲ್ಲಿ, ಕೈ ಬೆಚ್ಚಗಾದ ನಂತರವೂ ಜೋಮು ಉಳಿದಲ್ಲಿ ವೈದ್ಯರ ಸಲಹೆ ಪಡೆಯುವುದು. ಮಧುಮೇಹ ಇರುವವರಲ್ಲಿ ಸ್ಪರ್ಶಜ್ಞಾನ ಮೊದಲೇ ಕುಂದಿರಬಹುದಾದ್ದರಿಂದ ಅವರು ವಿಶೇಷ ಕಾಳಜಿ ವಹಿಸತಕ್ಕದ್ದು. ಅಪಘಾತ ಸಂಭವಿಸಿದಲ್ಲಿ ಆಂಬುಲೆನ್ಸ್‌ಗಾಗಿ 108 ಅಥವಾ ತುರ್ತು ನೆರವಿಗಾಗಿ 112 ಸಂಖ್ಯೆಗೆ ಕರೆ ಮಾಡುವುದು.

ಘಟ್ಟದ ರಸ್ತೆಯಲ್ಲಿ ನಿತ್ಯ ಸಂಚರಿಸುವ ಸವಾರರು ಹೆಲ್ಮೆಟ್‌ನೊಂದಿಗೆ ಒಣಗಿದ ಒಂದು ಜೊತೆ ಕೈಗವಸನ್ನೂ ಮರೆಯದೆ ಒಯ್ಯಬೇಕೆಂದು, ಮನೆಯವರು ಸಹ ಹೊರಡುವ ಮುನ್ನ ಇದನ್ನು ನೆನಪಿಸಬೇಕೆಂದು ಕೋರಲಾಗಿದೆ.